ಮಡಿಕೇರಿ ಪೇಟೆಯಲ್ಲಿ ಫ್ಲ್ಯಾಟ್ ಕೊಳ್ಳುವ ಮುನ್ನ ಬುಡದಿಂದ ನೋಡಿ

ತೋಟವನ್ನು ಮಕ್ಕಳಿಗೆ ವಹಿಸಿ, ಆಸ್ಪತ್ರೆ, ಬ್ಯಾಂಕು ಹತ್ತಿರವಿರಲಿ ಎಂದು ಪೇಟೆ ಸೇರುವ ಹಿರಿಯರ ಕಣ್ಣು ಅಂಗಡಿ ಸಾಲಿನ ನಡುವೆ ಏಳುವ ಬಹುಮಹಡಿ ಕಟ್ಟಡಗಳ ಮೇಲೆ ಬೀಳುವುದು ಸಹಜ. ತೋರಿಸಲು ಬಂದವರು ನೇರ ಮೇಲಿನ ಬಾಲ್ಕನಿಗೆ ಕರೆದೊಯ್ದು ಮಂಜು ತೋರಿಸುತ್ತಾರೆ. ನೀವು ಕೆಳಗಿನಿಂದ ಶುರುಮಾಡಿ.

1. ಮಳೆಯಲ್ಲಿ ಹೋಗಿ

ಬೇಸಿಗೆಯಲ್ಲಿ ಎಲ್ಲ ಜಾಗವೂ ಚೆಂದವೇ. ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆ ಹಿಡಿದಾಗ ಕೊಡೆ ಹಿಡಿದು ಕಟ್ಟಡದ ಹಿಂಭಾಗಕ್ಕೆ ಒಂದು ಸುತ್ತು ಬನ್ನಿ. ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಎಷ್ಟು ಎತ್ತರಕ್ಕೆ ಕಡಿದಿದ್ದಾರೆ? ತಡೆಗೋಡೆಯಲ್ಲಿ ನೀರು ಹೊರಬರಲು ಪೈಪು ಬಿಟ್ಟಿದ್ದಾರೆಯೇ? ಪೈಪಿನಿಂದ ತಿಳಿನೀರು ಬಂದರೆ ಸರಿ. ಕೆಂಪು ನೀರು ಬಂದರೆ ಒಳಗಿನ ಮಣ್ಣೂ ಜೊತೆಗೆ ಹೊರಡುತ್ತಿದೆ ಎಂದರ್ಥ. ಪೈಪೇ ಇಲ್ಲದ ಗೋಡೆ ಅದಕ್ಕಿಂತ ಅಪಾಯ, ಏಕೆಂದರೆ ನೀರಿನ ಒತ್ತಡವೆಲ್ಲ ಅದರ ಬೆನ್ನಿಗೇ ಬೀಳುತ್ತದೆ. ಗೋಡೆ ಉಬ್ಬಿದೆಯೇ, ಮೇಲಿನ ಮರ, ಕಂಬ ವಾಲಿವೆಯೇ ಎಂದೂ ನೋಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಾದ ಭೂಕುಸಿತಕ್ಕೆ ಮಳೆಯಷ್ಟೇ ಅಲ್ಲ, ಬೆಟ್ಟದ ಇಳಿಜಾರನ್ನು ಬೇಕಾದಂತೆ ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ಹೇಳಿತ್ತು.

ನಮ್ಮಲ್ಲಿ ಸೈಟು ಸಮ ಮಾಡುವ ರೀತಿ ಗೊತ್ತಲ್ಲ: ಮೇಲಿನ ಮಣ್ಣು ಕಡಿದು ಕೆಳಗೆ ತುಂಬುವುದು. ಹಾಗಾಗಿ ಕಟ್ಟಡದ ಅರ್ಧ ಗಟ್ಟಿ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ ನಿಂತಿರಬಹುದು. ತುಂಬಿದ ಕಡೆಯ ಕಂಬಗಳ ಅಡಿಪಾಯ ಗಟ್ಟಿ ನೆಲದವರೆಗೆ ಇಳಿದಿದೆಯೇ ಎಂದು ಕೇಳಿ, ಮಣ್ಣು ಪರೀಕ್ಷೆಯ ವರದಿಯ ಪ್ರತಿ ಪಡೆದು ನಿಮಗೆ ಗೊತ್ತಿರುವ ಎಂಜಿನಿಯರ್‌ಗೆ ತೋರಿಸಿ. ಶೌಚದ ನೀರು ಎಲ್ಲಿ ಹೋಗುತ್ತದೆ ಎಂಬುದೂ ಇಲ್ಲೇ ಬರುವ ಪ್ರಶ್ನೆ. ಹತ್ತಾರು ಮನೆಗಳ ನೀರನ್ನು ವರ್ಷವಿಡೀ ಇಳಿಜಾರಿನ ಇಂಗುಗುಂಡಿಗೆ ಬಿಟ್ಟರೆ ಆ ಬರೆಗೆ ಬೇಸಿಗೆಯೇ ಇರುವುದಿಲ್ಲ.

2. ಜಾಗದ ಮೂಲ ಹಿಡಿಯಿರಿ

ಬೆಂಗಳೂರಿನ ವಕೀಲರಿಗೆ ಇಲ್ಲಿನ ಜಮ್ಮಾ (ವಂಶಪಾರಂಪರ್ಯ ಹಿಡುವಳಿ), ಬಾಣೆ (ಗದ್ದೆಗೆ ಹೊಂದಿಕೊಂಡ ಕಾಡು ಜಾಗ) ತಲೆಗೆ ಹತ್ತುವುದು ಕಷ್ಟ, ಊರಿನ ವಕೀಲರನ್ನೇ ಹಿಡಿಯಿರಿ. ಮೂಲದಲ್ಲಿ ಜಮ್ಮಾ ಜಾಗವಾಗಿದ್ದರೆ ಪಟ್ಟೆದಾರರ (ಕುಟುಂಬದ ಪರವಾಗಿ ದಾಖಲೆಯಲ್ಲಿರುವವರ) ಹೆಸರೊಂದೇ ಸಾಲದು, ಒಕ್ಕದ, ಅಂದರೆ ಮನೆತನದ, ಉಳಿದ ಹಕ್ಕುದಾರರೂ ಒಪ್ಪಿ ಸಹಿ ಹಾಕಿದ್ದಾರೆಯೇ ನೋಡಬೇಕು. ಊರಲ್ಲಿರುವ ಅಣ್ಣ ಮಾರಿ, ಹೊರಗಿರುವ ತಮ್ಮ ಕೋರ್ಟಿಗೆ ಹೋದರೆ ಮಧ್ಯೆ ಸಿಕ್ಕುವವರು ನೀವು. ಭೂಪರಿವರ್ತನೆ ಆದೇಶ, ಇ-ಖಾತೆ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವ ಋಣಭಾರ ಪತ್ರ (ಇಸಿ), ಮಂಜೂರಾದ ನಕ್ಷೆ, ಇಷ್ಟೂ ಕೈಗೆ ಬರಲಿ. ನಕ್ಷೆಯಲ್ಲಿರುವ ಮಹಡಿಗಳನ್ನೂ ಎದುರಿಗಿರುವ ಮಹಡಿಗಳನ್ನೂ ನೀವೇ ಎಣಿಸಿ.

3. ರೇರಾ ಸಂಖ್ಯೆ

ಜಾಗ 500 ಚದರ ಮೀಟರ್ ಮೀರಿದರೆ ಅಥವಾ ಫ್ಲ್ಯಾಟುಗಳು 8 ದಾಟಿದರೆ, ಕಟ್ಟುತ್ತಿರುವ ಯೋಜನೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಕಡ್ಡಾಯ. ಕರ್ನಾಟಕ ರೇರಾ ಜಾಲತಾಣದಲ್ಲಿ ಸಂಖ್ಯೆ ಹಾಕಿದರೆ ನಕ್ಷೆ, ಮುಗಿಸುವ ಗಡುವು ಕಾಣುತ್ತವೆ. ದರ ಮಾತಾಡುವಾಗ ‘ಸೂಪರ್ ಬಿಲ್ಟಪ್’ (ಮೆಟ್ಟಿಲು, ಲಿಫ್ಟಿನ ಪಾಲೂ ಸೇರಿಸಿದ ಅಳತೆ) ಬಿಟ್ಟು ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲದ ಅಳತೆ, ಕೇಳಿ. ಬಾಲ್ಕನಿ, ಹೊರಗೋಡೆ ಅದರಲ್ಲಿ ಸೇರುವುದಿಲ್ಲ.

4. ದುಡ್ಡು

ನೋಂದಾಯಿತ ಮಾರಾಟ ಕರಾರು ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. 60 ಲಕ್ಷದ ಫ್ಲ್ಯಾಟಿಗೆ 6 ಲಕ್ಷ, ಅಷ್ಟೇ. ‘ಹಬ್ಬದ ಆಫರ್, ಇವತ್ತೇ ಕೊನೆ’ ಎಂದರೆ ಎದ್ದು ಬನ್ನಿ. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಸಿಗುವ ಮೊದಲೇ ಕೊಂಡರೆ ಜಿಎಸ್‌ಟಿ ಬೇರೆ. ಅದು ಸಾಮಾನ್ಯವಾಗಿ ಶೇ 5.

5. ಬೆಂಕಿ

ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮುಟ್ಟಿದ ಕಟ್ಟಡವನ್ನೇ ಎತ್ತರದ ಕಟ್ಟಡ ಎನ್ನುತ್ತದೆ, ಬೆಂಕಿ ಸುರಕ್ಷತೆಯ ನಿಯಮ ಅದಕ್ಕೆ ಹೆಚ್ಚು ಬಿಗಿ. ಕೆಳಗೆ ಅಂಗಡಿ, ಮೇಲೆ ಮನೆ ಇದ್ದರೆ ಎರಡಕ್ಕೂ ಬೇರೆ ಬೇರೆ ದಾರಿ ಇದೆಯೇ ನೋಡಿ. ಭಾನುವಾರ ಹೋಗಬೇಡಿ, ಶುಕ್ರವಾರದ ಸಂತೆ ಹೊತ್ತಿಗೆ ಹೋಗಿ, ಅಗ್ನಿಶಾಮಕ ವಾಹನ ಆ ರಸ್ತೆಯಲ್ಲಿ ತಿರುಗೀತೇ ಎಂದು ಯೋಚಿಸಿ.

6. ಕೀಲಿ ತೆಗೆದುಕೊಳ್ಳುವ ಮುನ್ನ

ಸ್ವಾಧೀನಾನುಭವ ಪ್ರಮಾಣಪತ್ರ (ಒಸಿ, ಕಟ್ಟಡದಲ್ಲಿ ವಾಸಿಸಲು ಸ್ಥಳೀಯ ಸಂಸ್ಥೆ ಕೊಡುವ ಅನುಮತಿ) ಇಲ್ಲದೆ ಕೀಲಿ ಮುಟ್ಟಬೇಡಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಪ್ರಕಾರ ಆ ಪತ್ರ ನೋಡಿಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು. ‘ಕರೆಂಟು ಆಮೇಲೆ ಮಾಡಿಸೋಣ’ ಎಂಬ ಮಾತಿಗೆ ಮರುಳಾದರೆ ತಾತ್ಕಾಲಿಕ ಮೀಟರಿನಲ್ಲೇ ವರ್ಷ ಕಳೆಯಬೇಕಾದೀತು.

7. ಈಗ ತಾರಸಿಗೆ ಹತ್ತಿ

ಇಲ್ಲಿ ಕಾಂಕ್ರೀಟ್ ತಾರಸಿಯ ಮೇಲೆ ಮತ್ತೆ ಶೀಟು ಹೊದಿಸುವುದನ್ನು ಕಂಡು ಹೊರಗಿನವರು ನಗುತ್ತಾರೆ, ಒಂದು ಮಳೆಗಾಲ ಕಳೆದ ಮೇಲೆ ಅವರೂ ಹೊದಿಸುತ್ತಾರೆ. ಶೀಟು ಇಲ್ಲದಿದ್ದರೆ ಮೇಲಿನ ಮಹಡಿಯವರು ಆಮೇಲೆ ಹಾಕಿಸಲು ಒಪ್ಪಿಗೆ ಇದೆಯೇ, ಖರ್ಚು ಯಾರದು ಎಂದು ಕರಾರಿನಲ್ಲೇ ಬರೆಸಿ. ನನ್ನ ಚಿಕ್ಕಮ್ಮ ಫ್ಲ್ಯಾಟ್ ನೋಡಲು ಹೋದಾಗ ಕೇಳಿದ್ದು ಒಂದೇ ಪ್ರಶ್ನೆ: ‘ಜುಲೈಯಲ್ಲಿ ಬಟ್ಟೆ ಎಲ್ಲಿ ಒಣಗಿಸೋದು?’ ಮಾರಾಟದ ಹುಡುಗನ ಬಳಿ ಉತ್ತರವಿರಲಿಲ್ಲ.

ಒಳಗೆ ಸೇರಿದ ಮೇಲೆ ಗೋಡೆ ಒಸರಿದರೆ, ಬಿರುಕು ಬಿಟ್ಟರೆ, ಸ್ವಾಧೀನದ ದಿನದಿಂದ 5 ವರ್ಷದೊಳಗೆ ಕಂಡ ಕಟ್ಟಡದ ದೋಷವನ್ನು 30 ದಿನದಲ್ಲಿ ಪುಕ್ಕಟೆಯಾಗಿ ಸರಿಪಡಿಸುವುದು ಬಿಲ್ಡರ್‌ನ ಹೊಣೆ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ತಾರೀಖು ಹಾಕಿ ಪತ್ರ ಬರೆದು, ಒಸರಿದ ಜಾಗದ ಫೋಟೊ ಲಗತ್ತಿಸಿ ಕಳಿಸಿ.