ಪೇಪರ್ ಹಾಕುತ್ತಲೇ ಪಿಯುಸಿ ಓದಿದ್ದು

ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿದ್ದಾಗ ದಾವಣಗೆರೆಯಲ್ಲಿ ಬೆಳಗಿನ ಜಾವ ಮನೆಮನೆಗೆ ಪೇಪರ್ ಹಾಕುತ್ತಿದ್ದೆ. ನಾಲ್ಕೂವರೆಗೆ ಬಂಡಲ್ ಬಿಚ್ಚಿ, ಪುರವಣಿ ಸೇರಿಸಿ, 90 ಮನೆ ಮುಗಿಸುವಷ್ಟರಲ್ಲಿ ಆರೂವರೆ. ರಾತ್ರಿ ಹನ್ನೊಂದರವರೆಗೂ ಓದಿಯೇ ತೀರುತ್ತೇನೆಂದು ಹಟ ಹಿಡಿದದ್ದೇ ನಾನು ಮಾಡಿದ ತಪ್ಪು. ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಲೆಕ್ಕಶಾಸ್ತ್ರದ ಪತ್ರಿಕೆಯ ಮುಂದೆಯೇ ತೂಕಡಿಸಿದೆ. ಪಾಲುದಾರನ ನಿವೃತ್ತಿಯ ಲೆಕ್ಕ ಅರ್ಧಕ್ಕೇ ನಿಂತಿತು.

ಅಂದಿನಿಂದ ರಾತ್ರಿ ಒಂಬತ್ತಕ್ಕೆ ಪುಸ್ತಕ ಮುಚ್ಚತೊಡಗಿದೆ. ಪೇಪರ್ ಹಾಕಿ ಬಂದ ಕೂಡಲೇ, ಬೆವರು ಆರುವ ಮೊದಲೇ, ಲೆಕ್ಕಕ್ಕೆ ಕುಳಿತುಕೊಳ್ಳುತ್ತಿದ್ದೆ. ಆ ಹೊತ್ತಿನಲ್ಲಿ ತಲೆ ಎಷ್ಟು ತಿಳಿಯಾಗಿರುತ್ತದೆ ಎಂಬುದು ನನಗೆ ಗೊತ್ತಾದದ್ದೇ ಆಗ. ಕನ್ನಡ, ಅರ್ಥಶಾಸ್ತ್ರ ಸಂಜೆಗೆ. ಭಾನುವಾರ ಗಡಿಯಾರವನ್ನು ಎದುರಿಗಿಟ್ಟುಕೊಂಡು ಮಾದರಿ ಪ್ರಶ್ನೆಪತ್ರಿಕೆಗೆ ಪೂರ್ತಿ ಉತ್ತರ ಬರೆಯುತ್ತಿದ್ದೆ.

ಏಜೆಂಟರ ಬಳಿ ರಜೆ ಕೇಳಲು ಮಾತ್ರ ಬಹಳ ಹೆದರಿದ್ದೆ. ಕೊನೆಗೆ ಪರೀಕ್ಷೆಯ ವೇಳಾಪಟ್ಟಿಯನ್ನೇ ಅವರ ಕೈಗಿತ್ತೆ. “ಮೊದಲೇ ಹೇಳಬಾರದಿತ್ತೇನಪ್ಪಾ?” ಎಂದರು. ಪರೀಕ್ಷೆಯ ದಿನಗಳಲ್ಲಿ ನನ್ನ ಲೈನನ್ನು ಗೆಳೆಯ ನೋಡಿಕೊಂಡ. ಏಪ್ರಿಲ್‌ನಲ್ಲಿ ಅವನ ಅಣ್ಣನ ಮದುವೆ ಬಂದಾಗ ಎರಡೂ ಲೈನುಗಳನ್ನು ನಾನೊಬ್ಬನೇ ಹಾಕಿದೆ.