ಆಕ್ಸೊಲಾಟಲ್ ತರುವ ಮುನ್ನ ನೀರು ತಣ್ಣಗಾಗಲಿ

ಆಕ್ಸೊಲಾಟಲ್ ಮೀನಲ್ಲ, ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳ ಉಭಯವಾಸಿ. ಮರಿಗಾಲದ ಕಿವಿರು ಕಳಚದೆಯೇ ಬೆಳೆದು, ನೀರಲ್ಲೇ 10–15 ವರ್ಷ ಬದುಕುತ್ತದೆ. ಅದಕ್ಕೆ ಬೇಕಾದ ನೀರು 16–18 ಡಿಗ್ರಿ ಸೆಲ್ಸಿಯಸ್‌ನದು. ಏಪ್ರಿಲ್ ಮಧ್ಯಾಹ್ನ ಓವರ್‌ಹೆಡ್ ಟ್ಯಾಂಕಿನ ನೀರಿಗೆ ಕೈಯೊಡ್ಡಿದವರಿಗೆ ಸಮಸ್ಯೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಖರ್ಚಿನ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ತೊಟ್ಟಿಯ ನೀರನ್ನು ತಂಪಾಗಿಸುವ ಯಂತ್ರ, ಅಂದರೆ ಚಿಲ್ಲರ್; ಪ್ರಾಣಿಯಲ್ಲ.

ನೀರು 20 ಡಿಗ್ರಿ ದಾಟಬಾರದು. 24ರ ಮೇಲೆ ಹೋದರೆ ಪ್ರಾಣಿ ಮೇವು ಬಿಡುತ್ತದೆ, ಕಿವಿರಿಗೆ ಬೂಷ್ಟು ಹಿಡಿಯುತ್ತದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ದೇಹಕ್ಕೆ ಬೇಕಾಗುವುದು ಮಾತ್ರ ಹೆಚ್ಚು. ನೀರಿನ ಮೇಲೆ ಗಾಳಿ ಬೀಸುವ ಪುಟ್ಟ ಫ್ಯಾನು 2–4 ಡಿಗ್ರಿ ಇಳಿಸೀತು. ಆದರೆ ಅದು ನೀರು ಆವಿಯಾಗುವುದರಿಂದ ಸಿಗುವ ತಂಪು. ಮಂಗಳೂರಿನಂಥ ಸೆಕೆಯೂರಿನಲ್ಲಿ ನೆಚ್ಚುವಂತಿಲ್ಲ.

ಒಂದು ಪ್ರಾಣಿಗೆ 3 ಅಡಿ ಉದ್ದ, ಒಂದೂವರೆ ಅಡಿ ಅಗಲದ, 110 ಲೀಟರಿನಷ್ಟು ನೀರು ಹಿಡಿಯುವ ತೊಟ್ಟಿ ಸಾಕು. ತಳದಲ್ಲಿ ನಡೆದಾಡುವ ಜೀವವಾದ್ದರಿಂದ ಎತ್ತರಕ್ಕಿಂತ ಅಗಲ ಮುಖ್ಯ. ಹಾರುವುದುಂಟು, ಮೇಲೊಂದು ಜಾಲರಿ ಮುಚ್ಚಳವಿರಲಿ. ಬಣ್ಣದ ಜಲ್ಲಿ ಖಂಡಿತ ಬೇಡ: ಇದು ಮೇವನ್ನು ಕಚ್ಚುವುದಿಲ್ಲ, ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತದೆ. ಕಲ್ಲೂ ಒಳಗೆ ಹೋಗಿ ಕರುಳು ಕಟ್ಟುತ್ತದೆ. ತಳ ಬರಿದಾಗಿರಲಿ, ಇಲ್ಲವೇ 1 ಮಿ.ಮೀ.ಗಿಂತ ನುಣುಪಾದ ಮರಳು ಹಾಕಿ. ಬೆಳಕು ಮಂದವಿರಲಿ, ಅಡಗಲು ಒಂದು ತುಂಡು ಪೈಪ್ ಇರಲಿ.

ನೀರನ್ನು ಜೋರಾಗಿ ಎಳೆಯದ ಸ್ಪಂಜ್ ಫಿಲ್ಟರ್ ಒಳ್ಳೆಯದು. ಕಿವಿರು ಮುಂದಕ್ಕೆ ಮಡಚಿ, ಬಾಲದ ತುದಿ ಕೊಕ್ಕೆಯಂತೆ ಸುರುಳಿಯಾಗಿದ್ದರೆ ಏನೋ ಒಗ್ಗುತ್ತಿಲ್ಲವೆಂದರ್ಥ. ಮೊದಲು ನೀರಿನ ಸೆಳೆತ ಕಡಿಮೆ ಮಾಡಿ ನೋಡಿ, ಆಮೇಲೆ ನೀರನ್ನು ಪರೀಕ್ಷಿಸಿ.

ಮುಂದಿನ ಹಂತದಲ್ಲೇ ಹೆಚ್ಚಿನವರು ಆತುರಪಡುವುದು. ಪ್ರಾಣಿಯ ಕಸದಿಂದ ಬರುವ ವಿಷ ಅಮೋನಿಯಾ; ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಕೆಡುಕಲ್ಲದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳನ್ನು ಮೊದಲೇ ತೊಟ್ಟಿಯಲ್ಲಿ ಬೆಳೆಸಿಕೊಳ್ಳಬೇಕು. ತೊಟ್ಟಿ ತುಂಬಿಸಿ, ಕ್ಲೋರಿನ್ ತೆಗೆಯುವ ದ್ರಾವಣ ಬೆರೆಸಿ, ಅಮೋನಿಯಾ ಹಾಕಿ 2 ಪಿಪಿಎಂಗೆ (ಲೀಟರಿಗೆ 2 ಮಿಲಿಗ್ರಾಂ) ತನ್ನಿ. ಇಳಿದಂತೆಲ್ಲ ಮತ್ತೆ ಹಾಕಿ. ಆಗ ಚಿಲ್ಲರ್ ಬೇಡ, ಬೆಚ್ಚಗಿನ ನೀರಿನಲ್ಲಿ ಈ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. 4ರಿಂದ 8 ವಾರ ಹಿಡಿಯುತ್ತದೆ. ಹಾಕಿದ 2 ಪಿಪಿಎಂ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಗಿಳಿದು, ನೈಟ್ರೈಟೂ ಸೊನ್ನೆಯಾದರೆ ತೊಟ್ಟಿ ಸಿದ್ಧ. ನೀರು ಬದಲಿಸಿ ನೈಟ್ರೇಟನ್ನು 20 ಪಿಪಿಎಂ ಒಳಗೆ ತನ್ನಿ, ಚಿಲ್ಲರ್ ಹಾಕಿ, ನೀರು ತಣ್ಣಗಾದ ಮೇಲೆ ಪ್ರಾಣಿಯನ್ನು ಬಿಡಿ. ಎಲ್ಲರೂ ಶಪಿಸುವ ಬೋರ್‌ವೆಲ್‌ನ ಗಡಸು ನೀರು ಇಲ್ಲಿ ಅಷ್ಟೇನೂ ಶತ್ರುವಲ್ಲ. ಲವಣವೇ ಇಲ್ಲದ ಬರೀ ಆರ್‌ಒ ನೀರೇ ಕೆಡುಕು. ಬೋರ್‌ವೆಲ್ ನೀರಿನಲ್ಲೇ ನೈಟ್ರೇಟ್ ಇದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.

ಮೇವಿಗೆ ಎರೆಹುಳುವೇ ಸರಿ. ದೊಡ್ಡದಕ್ಕೆ ವಾರಕ್ಕೆ 2–3 ಸಲ, ಮರಿಗೆ ದಿನವೂ. ಹೊಟ್ಟೆ ತಲೆಯಷ್ಟೇ ಅಗಲವಿದ್ದರೆ ಅಳತೆ ಸರಿಯಾಗಿದೆ. ಎರೆಗೊಬ್ಬರದ ಸಣ್ಣ ಕೆಂಪು ಹುಳು ಕಹಿ ಲೋಳೆ ಬಿಡುವುದರಿಂದ ಬಾಯಿಗೆ ತೆಗೆದುಕೊಂಡು ಉಗುಳಿಬಿಡುತ್ತದೆ; ಬಿಸಿನೀರಿನಲ್ಲಿ ಕೆಲವೇ ಸೆಕೆಂಡು ಅದ್ದಿ ಕೊಟ್ಟು ನೋಡಿ. ಕೀಟನಾಶಕ ಹೊಡೆದ ಹೊಲದ ಹುಳು ತರಬೇಡಿ. ಉಳಿದ ಮೇವನ್ನು ಅಂದೇ ಹೀರಿ ತೆಗೆಯಿರಿ.

ಜೊತೆಗೆ ಮೀನು ಬಿಡಬೇಡಿ, ಕಿವಿರು ಕಚ್ಚುತ್ತವೆ. ಮರಿಗಳು ಒಟ್ಟಿಗಿದ್ದರೆ ಪರಸ್ಪರ ಕಾಲು ಕಡಿಯುತ್ತವೆ (ಮತ್ತೆ ಬೆಳೆಯುತ್ತದೆ ಎಂಬುದು ಸುಮ್ಮನಿರಲು ನೆಪವಲ್ಲ). ಕಿವಿರಿನ ಮೇಲೆ ಹತ್ತಿಯಂಥ ಬಿಳಿ ಕಂಡರೆ ಮೀನಿನ ಔಷಧ ಸುರಿಯಬೇಡಿ, ತೆಳು ಚರ್ಮ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕ್ಲೋರಿನ್ ತೆಗೆದ ತಣ್ಣನೆಯ ನೀರಿಟ್ಟು, ಪ್ರಾಣಿಯನ್ನು ಅದರಲ್ಲಿ ಬಿಟ್ಟು, ನೀರನ್ನು ದಿನವೂ ಪೂರ್ತಿ ಬದಲಿಸಿ. ಅಷ್ಟರಲ್ಲಿ ತೊಟ್ಟಿಯ ನೀರನ್ನು ಪರೀಕ್ಷಿಸಿ. ಸಾಗಿಸುವಾಗ ಬಲೆ ಬೇಡ, ಬೆರಳು ಸಿಕ್ಕಿಕೊಳ್ಳುತ್ತದೆ. ಡಬ್ಬಿಯಲ್ಲೇ ನೀರಿನ ಸಮೇತ ಎತ್ತಿ.

ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿ ಆಕ್ಸೊಲಾಟಲ್ ಇದೆ. ಆದ್ದರಿಂದ ಭಾರತದಲ್ಲಿ ಸಾಕುವವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರಿಂದ ದಾಖಲೆ ಕೇಳಿ ಪಡೆಯಿರಿ.

ಕರೆಂಟು ಹೋಗುವ ದಿನಕ್ಕೆಂದು ಬ್ಯಾಟರಿ ಏರ್‌ಪಂಪ್ ಒಂದು, ಫ್ರೀಜರಿನಲ್ಲಿ ಎರಡು ಬಾಟಲಿ ನೀರು ಇಟ್ಟಿರಿ. ಬಾಟಲಿಯನ್ನು ಒಂದೊಂದಾಗಿ ತೇಲಿಬಿಟ್ಟು ಥರ್ಮಾಮೀಟರ್ ನೋಡುತ್ತಿರಿ. ದಿನನಿತ್ಯ ಇದೇ ಉಪಾಯ ಮಾಡಿದರೆ ತಾಪ ಏರಿಳಿದು, ಪ್ರಾಣಿ ಅದರಲ್ಲೇ ಬಳಲುತ್ತದೆ.