ಸಿಡಿಲು ಬಡಿದ ಮೇಲೂ ಉಳಿಯುವ ಶೆಲ್

ಮಾರ್ಚ್ ಬಂತೆಂದರೆ ಮಡಿಕೇರಿ ಸುತ್ತಮುತ್ತ ಎಲ್ಲರೂ ಆಕಾಶ ನೋಡುವವರೇ. ಹೂಮಳೆ ಬಿದ್ದರಲ್ಲವೇ ಕಾಫಿ ಹೂ ಅರಳುವುದು! ಎರಡು ವರ್ಷದ ಹಿಂದೆ ಮಳೆ ಸರಿಯಾಗೇ ಬಿತ್ತು, ಜೊತೆಗೆ ಸಿಡಿಲೂ ಬಿತ್ತು. ಚಾರ್ಜಿಗೆ ಹಾಕಿದ್ದ ನನ್ನ ಲ್ಯಾಪ್‌ಟಾಪ್ ಮತ್ತೆ ಏಳಲಿಲ್ಲ. ಕೆಲಸದ ಕೋಡೆಲ್ಲ ಸರ್ವರ್‌ನಲ್ಲಿತ್ತು. ಹೋದದ್ದು, ನಮ್ಮ ಕಮಾಂಡುಗಳನ್ನು ನಡೆಸುವ ‘ಬ್ಯಾಶ್’ ಎಂಬ ಶೆಲ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲು, ಆರು ವರ್ಷ ಒಂದೊಂದೇ ಸಾಲು ಸೇರಿಸಿ ಬೆಳೆಸಿದ್ದ ‘.ಬ್ಯಾಶ್‌ಆರ್‌ಸಿ’. ಹೊಸ ಲ್ಯಾಪ್‌ಟಾಪಿನಲ್ಲಿ ಬೆರಳು ಉದ್ದ ಕಮಾಂಡುಗಳಿಗೆ ನಾನಿಟ್ಟಿದ್ದ ಗಿಡ್ಡ ಹೆಸರುಗಳಾದ ಹಳೆಯ ಅಲಿಯಾಸ್‌ಗಳನ್ನೇ ಒತ್ತುತ್ತಿತ್ತು, ಕಮಾಂಡ್ ಬರೆಯುವ ಕಿಟಕಿಯಾದ ಟರ್ಮಿನಲ್ ‘ಕಮಾಂಡ್ ನಾಟ್ ಫೌಂಡ್’ ಅನ್ನುತ್ತಲೇ ಇತ್ತು.

ಇಂಥ ಫೈಲುಗಳ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ, ಹಾಗಾಗಿ ಫೈಲುಗಳ ಪಟ್ಟಿ ಕೊಡುವ ‘ಎಲ್‌ಎಸ್’ ಕಮಾಂಡಿಗೆ ಕಾಣಿಸುವುದಿಲ್ಲ. ಕಾಣದ್ದನ್ನು ಬ್ಯಾಕಪ್ ಮಾಡುವವರು ಯಾರು? ಮೊದಲು ಹೋಮ್ ಫೋಲ್ಡರಿನಲ್ಲಿ ‘ಎಲ್‌ಎಸ್ -ಎ’ ಕೊಟ್ಟು ನೋಡಿ. ಬರುವ ಉದ್ದ ಪಟ್ಟಿಗೆ ಹೆದರಬೇಡಿ. ನೀವು ಕೈಯಾರೆ ತಿದ್ದಿದ್ದಷ್ಟೇ ನಿಮ್ಮದು: ಶೆಲ್, ವಿಮ್ (ಬರಹ ತಿದ್ದುವ ಎಡಿಟರ್), ಗಿಟ್ (ಫೈಲುಗಳ ಬದಲಾವಣೆ ದಾಖಲಿಸಿಡುವ ಸಾಧನ) ಇವುಗಳ ನಾಲ್ಕೈದು ಫೈಲು.

ಎರಡನೆಯದಾಗಿ, ಹೋಮ್ ಒಳಗೇ ‘ಡಾಟ್‌ಫೈಲ್ಸ್’ ಎಂಬ ಫೋಲ್ಡರ್ ಮಾಡಿ. ಅದರೊಳಗೆ ‘ಬ್ಯಾಶ್’, ‘ವಿಮ್’ ಎಂದು ಒಂದೊಂದಕ್ಕೂ ಬೇರೆ ಫೋಲ್ಡರ್. ಅಸಲು ಫೈಲುಗಳನ್ನು ಅಲ್ಲಿಗೆ ಸಾಗಿಸಿ, ಹಳೆಯ ಜಾಗದಲ್ಲಿ ಅವುಗಳತ್ತ ತೋರಿಸುವ ಕೊಂಡಿ, ಅಂದರೆ ಸಿಮ್‌ಲಿಂಕ್ ಬಿಡಬೇಕು. ಈ ಕೆಲಸಕ್ಕೆಂದೇ ‘ಗ್ನೂ ಸ್ಟೋ’ ಇದೆ. ಡಾಟ್‌ಫೈಲ್ಸ್ ಒಳಗೆ ನಿಂತು ‘ಸ್ಟೋ ಬ್ಯಾಶ್’ ಅಂದರೆ ಮೇಲಿನ ಫೋಲ್ಡರಿನಲ್ಲಿ ಲಿಂಕುಗಳನ್ನು ತಾನೇ ಹಾಕುತ್ತದೆ. ಅಲ್ಲಿ ಅದೇ ಹೆಸರಿನ ನಿಜವಾದ ಫೈಲು ಉಳಿದಿದ್ದರೆ ಮಾತ್ರ ಮುಂದುವರಿಯುವುದಿಲ್ಲ. ಅದರ ಹಟ ನಮ್ಮ ಒಳ್ಳೆಯದಕ್ಕೇ.

ಲಾಗಿನ್ ಶೆಲ್ ಆಗಿ (ಯಂತ್ರಕ್ಕೆ ಲಾಗಿನ್ ಆದಾಗ ಶುರುವಾಗುವ ಶೆಲ್) ತೆರೆದಾಗ ಬ್ಯಾಶ್ ಓದುವುದು ‘.ಬ್ಯಾಶ್_ಪ್ರೊಫೈಲ್’. ಲಿನಕ್ಸ್‌ನಲ್ಲಿ ಸುಮ್ಮನೆ ಟರ್ಮಿನಲ್ ತೆರೆದರೆ ಸಾಮಾನ್ಯವಾಗಿ ಓದುವುದು ‘.ಬ್ಯಾಶ್‌ಆರ್‌ಸಿ’. ಬೆಳಿಗ್ಗೆ ಇದ್ದ ಅಲಿಯಾಸ್ ಬೇರೆ ಯಂತ್ರದಿಂದ ಎಸ್‌ಎಸ್‌ಎಚ್‌ನಲ್ಲಿ ಒಳಬಂದಾಗ ಮಾಯವಾಗುವುದು ಇದರಿಂದಲೇ. ಮೊದಲನೆಯದರಿಂದ ಎರಡನೆಯದನ್ನು ‘ಸೋರ್ಸ್’ ಮಾಡುವ, ಅಂದರೆ ಓದಿಸುವ ಒಂದು ಸಾಲು ಬರೆದರೆ ತಲೆನೋವು ಹೋಯಿತು. 2019ರ ಕ್ಯಾಟಲಿನಾ ಆವೃತ್ತಿಯಿಂದ ಈಚೆಗೆ ಮ್ಯಾಕ್‌ನಲ್ಲಿ ಹೊಸ ಖಾತೆಗಳಿಗೆ ಬ್ಯಾಶ್ ಬದಲು ಜೆಡ್‌ಶೆಲ್ ಸಿಗುತ್ತದೆ. ಅಲ್ಲಿ ‘.ಜೆಡ್‌ಎಸ್‌ಎಚ್‌ಆರ್‌ಸಿ’ ಒಂದನ್ನು ನೋಡಿಕೊಂಡರೆ ಬಹುಪಾಲು ಸಾಕು.

ಎಲ್ಲವನ್ನೂ ಒಂದೇ ಫೈಲಿಗೆ ತುರುಕಬೇಡಿ. ಅಲಿಯಾಸ್, ಪಾತ್ (ಕಮಾಂಡುಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿ), ಫಂಕ್ಷನ್ ಬೇರೆ ಬೇರೆ ಇರಲಿ. ಆ ಒಂದು ಯಂತ್ರಕ್ಕೆ ಮಾತ್ರ ಬೇಕಾದದ್ದು ‘ಲೋಕಲ್’ ಎಂಬ ಫೈಲಿಗೆ ಹೋಗಲಿ, ಅದು ಇದ್ದರೆ ಮಾತ್ರ ಓದುವ ಷರತ್ತು ಹಾಕಿ. ಹಿಸ್ಟರಿಯನ್ನೂ ಹಿಗ್ಗಿಸಿ, ಯಾರೂ ಏನೂ ಹೇಳದಿದ್ದರೆ ಬ್ಯಾಶ್ 500 ಕಮಾಂಡ್ ಮಾತ್ರ ನೆನಪಿಡುತ್ತದೆ. ಎಲ್ಲಿಂದಲೋ ತಂದ ಸಾಲಿನ ಮೇಲೆ ಏಕೆ ತಂದೆ ಎಂಬ ಕಾಮೆಂಟ್ ಇಲ್ಲದಿದ್ದರೆ ನಾನಂತೂ ಅದನ್ನು ಅಳಿಸಿಬಿಡುತ್ತೇನೆ.

ಈಗ ಡಾಟ್‌ಫೈಲ್ಸ್ ಒಳಗೆ ‘ಗಿಟ್ ಇನಿಟ್’ ಕೊಟ್ಟು ಅದನ್ನು ಗಿಟ್‌ಗೆ ಒಪ್ಪಿಸಿ. ಕಮಿಟ್ ಮಾಡುವ (ಆ ಹೊತ್ತಿನ ಸ್ಥಿತಿಯನ್ನು ದಾಖಲಿಸುವ) ಮೊದಲು ಪಾಸ್‌ವರ್ಡ್, ಟೋಕನ್, ಎಸ್‌ಎಸ್‌ಎಚ್ ಕೀ ಇವೆಯೇ ಎಂದು ಎರಡು ಸಲ ಹುಡುಕಿ. ಇದ್ದರೆ ‘ಲೋಕಲ್’ಗೆ ಸಾಗಿಸಿ, ಆ ಹೆಸರನ್ನು ಗಿಟ್ ಮುಟ್ಟಬಾರದವುಗಳ ಪಟ್ಟಿಯಾದ ‘.ಗಿಟ್‌ಇಗ್ನೋರ್’ನಲ್ಲಿ ಬರೆಯಿರಿ. ಒಮ್ಮೆ ಕಮಿಟ್ ಆದ ಟೋಕನ್ನನ್ನು ಆಮೇಲೆ ಫೈಲಿನಿಂದ ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಹಾಗೇ ಕೂತಿರುತ್ತದೆ. ಅದನ್ನು ಬೇರೆಲ್ಲಿಗಾದರೂ ಪುಶ್ ಮಾಡಿದ್ದರೆ (ಕಳಿಸಿದ್ದರೆ) ಟೋಕನ್ ರದ್ದು ಮಾಡಿ ಹೊಸದು ಪಡೆಯುವುದೇ ದಾರಿ.

ತಿದ್ದಿದಾಗಲೆಲ್ಲ ‘ಬ್ಯಾಶ್ -ಎನ್’ ಕೊಟ್ಟು ವ್ಯಾಕರಣ ಪರೀಕ್ಷಿಸಿ. ಹಳೆಯ ಟರ್ಮಿನಲ್ ಮುಚ್ಚದೆ ಹೊಸದೊಂದು ತೆರೆದು ನೋಡಿ. ತಪ್ಪಾಗಿದ್ದರೆ ಸರಿಪಡಿಸಲು ಹಳೆಯದು ಬೇಕಾಗುತ್ತದೆ.

ಜೂನ್ ಮಳೆ ಹಿಡಿದರೆ ನಮ್ಮ ಕಡೆ ಕರೆಂಟು, ನೆಟ್‌ವರ್ಕು ಎರಡನ್ನೂ ನಂಬುವಂತಿಲ್ಲ. ಕಮಿಟ್ ಮಾಡಲು ಗಿಟ್‌ಗೆ ನೆಟ್‌ವರ್ಕ್ ಬೇಕಿಲ್ಲ, ಪುಶ್ ಮಾಡಲು ಪೆನ್‌ಡ್ರೈವ್ ಆದರೂ ನಡೆಯುತ್ತದೆ. ಅದರಲ್ಲಿ ‘ಗಿಟ್ ಇನಿಟ್ --ಬೇರ್’ ಕೊಟ್ಟು, ಆ ಜಾಗವನ್ನೇ ರಿಮೋಟ್ (ಪುಶ್ ಮಾಡಿದ್ದು ಹೋಗಿ ಸೇರುವ ತಾಣ) ಆಗಿ ಸೇರಿಸಿ. ನನ್ನ ಪೆನ್‌ಡ್ರೈವ್ ಅಡುಗೆಮನೆಯ ಮೆಣಸಿನ ಡಬ್ಬಿಯ ಪಕ್ಕದಲ್ಲಿದೆ. ಒಲೆಯ ಹತ್ತಿರವಾದ್ದರಿಂದ ಅಲ್ಲಿ ಬೂಷ್ಟು ಹಿಡಿಯುವುದಿಲ್ಲ.